ಪದ ಪರಿಚಯ: ಸಹಕಾರಿ ಸಾಗಣೆ

ಸಹಕಾರ ಎಂದರೆ ಗದಗ ಸೀಮೆಯವರಿಗೆ ಮೊದಲು ನೆನಪಾಗುವುದು 1905ರಲ್ಲಿ ಕಣಗಿನಹಾಳದಲ್ಲಿ ಹುಟ್ಟಿದ ಸಂಘ. ಇರುವೆಗಳ ವಿಷಯದಲ್ಲಿ ಈ ಪದಕ್ಕೆ ಇನ್ನೂ ನೇರವಾದ ಅರ್ಥವಿದೆ: ಒಂದು ಇರುವೆಗೆ ಮಿಸುಕದ ಹೊರೆಯನ್ನು ಹಲವು ಕೂಡಿ ಗೂಡಿಗೆ ಒಯ್ಯುವುದು. ಸಾಲಾಗಿ ಒಂದೊಂದು ಕಾಳು ಹೊತ್ತು ನಡೆಯುವುದು ಸಹಕಾರಿ ಸಾಗಣೆಯಲ್ಲ. ಹೊರೆ ಒಂದೇ ಇರಬೇಕು, ಅದನ್ನು ಕಚ್ಚಿ ಹಿಡಿದ ಬಾಯಿ ಹಲವು.

ಬಾಯಿ ಹೆಚ್ಚಿದಷ್ಟೂ ಒಳ್ಳೆಯದೇ? ಶಿವರಾತ್ರಿಯ ಮರುದಿನ ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರಿನ ಹಗ್ಗಕ್ಕೆ ಕೈ ಹಚ್ಚಿದವರನ್ನು ನೆನೆಸಿಕೊಳ್ಳಿ. ಭಕ್ತಿ ಎಲ್ಲರದೂ ನಿಜ, ಆದರೆ ಅಷ್ಟೂ ಮಂದಿ ಒಂದೇ ಗಳಿಗೆಗೆ ಜಗ್ಗುವುದು ಕಷ್ಟ. ಗುಂಪು ಬೆಳೆದಂತೆ ಒಬ್ಬೊಬ್ಬರ ಪಾಲಿನ ಬಲ ಇಳಿಯುತ್ತದೆ ಎಂದು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಜಗ್ಗಿಸಿಯೇ ಅಳೆದರು. 1913ರಲ್ಲಿ ಅದನ್ನು ಪ್ರಕಟಿಸಿದರು.

ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗಗಳ ಲೆಕ್ಕ ಇದಕ್ಕೆ ತಿರುವುಮುರುವು. ಧಾರವಾಡದ ಕೆಲಗೇರಿ ಕಡೆಯ ಆಪೂಸು ತೋಟಗಳಲ್ಲಿ ಮಾವು ಹರಿಯಲು ಹತ್ತಿದವರಿಗೆ ಇವುಗಳ ಕಡಿತ ಗೊತ್ತು. ಎಲೆ ಬಾಗಿಸುವಾಗ ಇವು ಒಂದರ ಸೊಂಟ ಒಂದು ಹಿಡಿದು ಸರಪಳಿಯಾಗುತ್ತವೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಗದದ ಎಲೆ ಕೊಟ್ಟು ಅಳೆದಾಗ, ತಂಡ ಒಂದರಿಂದ ಹದಿನೈದಕ್ಕೆ ಬೆಳೆದಂತೆ ಒಂದೊಂದು ಇರುವೆಯ ಬಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು! ಸಂಶೋಧಕರು ಕೊಡುವ ವಿವರಣೆ ನನಗೆ ಬಹಳ ಹಿಡಿಸಿತು. ಮುಂದಿನವು ಜಗ್ಗುತ್ತವೆ, ಹಿಂದಿನವು ಮೈ ಚಾಚಿ, ಕಾಲೂರಿ, ಗಳಿಸಿದ್ದು ಜಾರಿ ಹೋಗದಂತೆ ತಡೆದು ನಿಲ್ಲುತ್ತವೆ. ಸೈಕಲ್ಲಿನ ಫ್ರೀವೀಲ್‌ನೊಳಗಿನ ಹಲ್ಲು ಒಂದು ಕಡೆಗೆ ಬಿಟ್ಟು ಇನ್ನೊಂದು ಕಡೆಗೆ ಹಿಡಿಯುತ್ತದಲ್ಲ, ಹಾಗೆ. ಸುಮ್ಮನೆ ನಿಂತಂತೆ ಕಾಣುವ ಇರುವೆಯೂ ಅಲ್ಲಿ ದುಡಿಯುತ್ತಿರುತ್ತದೆ.

ಬಲದ ಮಾತು ಇದು. ದಿಕ್ಕಿನ ಮಾತು ಬೇರೆ. ಮನೆಯೊಳಗೆ ಗೊತ್ತುಗುರಿ ಇಲ್ಲದಂತೆ ಓಡಾಡುವ ಉದ್ದ ಮೀಸೆಯ ಸಣ್ಣ ಕರಿ ಇರುವೆಗಳ ಮೇಲೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ನಡೆಸಿದ ಅಧ್ಯಯನ 2015ರಲ್ಲಿ ಹೊರಬಂತು. ಗುಂಪು ತೀರ ಸಣ್ಣದಾದರೆ ಎಳೆದಾಟ, ಹೊರೆ ಅಲ್ಲಲ್ಲೇ ತಿರುಗುತ್ತದೆ. ತೀರ ದೊಡ್ಡದಾದರೆ ಹಿಡಿದ ದಿಕ್ಕು ಬಿಡುವುದಿಲ್ಲ, ದಾರಿ ಬಲ್ಲ ಹೊಸಬಳ ಎಳೆತ ಅದಕ್ಕೆ ತಟ್ಟುವುದೇ ಇಲ್ಲ. ನಡುವಿನ ಗಾತ್ರದ ಗುಂಪು ಮಾತ್ರ ಒಗ್ಗಟ್ಟಾಗಿಯೂ ಇದ್ದು, ಈಗಷ್ಟೇ ಬಂದು ಬಾಯಿ ಹಚ್ಚಿದ ಒಂದೇ ಇರುವೆಯ ಮಾತಿಗೆ ಹೊರೆಯನ್ನು ತಿರುಗಿಸುತ್ತದೆ. ಆಕೆಯ ಮುಂದಾಳ್ತನ ಹತ್ತಿಪ್ಪತ್ತು ಸೆಕೆಂಡು. ಅಷ್ಟರಲ್ಲಿ ಗೂಡಿನ ದಿಕ್ಕು ಬಲ್ಲ ಇನ್ನೊಬ್ಬಳು ಬಂದಿರುತ್ತಾಳೆ.