ಸಿ.ಟಿ. ಸ್ಕ್ಯಾನ್‌ನ ಕೊನೆಯ ಪುಟದಲ್ಲಿರುವ ಸಂಖ್ಯೆ

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆಯ ದಿನಗಳು. ಗಂಟಲು ಕೆರೆತ ಶುರುವಾದ ಮರುದಿನವೇ ಜನ ಎದೆಯ ಸಿ.ಟಿ. ಮಾಡಿಸಲು ಸಾಲು ನಿಲ್ಲುತ್ತಿದ್ದರು. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ, ವಿಕಿರಣದ ಲೆಕ್ಕದಲ್ಲಿ ಒಂದು ಸಿ.ಟಿ. ಎಂದರೆ 300–400 ಎದೆಯ ಎಕ್ಸ್‌ರೇಗೆ ಸಮ ಎಂದು ಎಚ್ಚರಿಸಿದರು. ರೇಡಿಯಾಲಜಿಸ್ಟರ ರಾಷ್ಟ್ರೀಯ ಸಂಘ ಇದನ್ನು ಒಪ್ಪಲಿಲ್ಲ; ಈಗಿನ ಯಂತ್ರಗಳಲ್ಲಿ ಅತಿ ಕಡಿಮೆ ಡೋಸಿನ ಸ್ಕ್ಯಾನ್ 5–10 ಎಕ್ಸ್‌ರೇಗಳಷ್ಟೇ ಎಂದಿತು. ಜನರಿಗೆ ಯಾರ ಮಾತು ನಂಬಬೇಕೋ ತಿಳಿಯದಾಯಿತು.

ಲೆಕ್ಕ ಹಾಕಿದರೆ ಎರಡೂ ಮಾತಿಗೆ ಆಧಾರವಿದೆ. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಮಾಮೂಲಿ ಎದೆಯ ಸಿ.ಟಿ.ಗೆ 6 ಮಿಲಿಸೀವರ್ಟ್ ಎಂದುಕೊಂಡರೆ 300 ಪಟ್ಟು ಆಯಿತು. ಅದೇ ಎದೆಯನ್ನು ಅತಿ ಕಡಿಮೆ ಡೋಸಿನಲ್ಲಿ, 0.1–0.2 ಮಿಲಿಸೀವರ್ಟ್‌ನಲ್ಲಿ ತೆಗೆಯುವುದೂ ಸಾಧ್ಯ. ಆಗ ಬರುವುದು 5–10 ಪಟ್ಟು. ನಿಸರ್ಗದಿಂದಲೇ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದೇ ಹೆಸರಿನ ಪರೀಕ್ಷೆಗೆ ಇಷ್ಟೊಂದು ಅಂತರ ಇದೆ ಎಂದ ಮೇಲೆ, ರೋಗಿಗೆ ಎಷ್ಟು ವಿಕಿರಣ ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ಸ್ಕ್ಯಾನ್ ಬರೆದುಕೊಡುವ ವೈದ್ಯರು ಮತ್ತು ಕನ್ಸೋಲ್ ಮುಂದೆ ಕೂತ ಟೆಕ್ನಿಷಿಯನ್.

ಸಿ.ಟಿ.ಯಲ್ಲಿ ಎಕ್ಸ್‌ರೇ ಟ್ಯೂಬ್ ದೇಹದ ಸುತ್ತ ತಿರುಗುತ್ತದೆ. ಕಿರಣದ ಶಕ್ತಿಯನ್ನು ಟ್ಯೂಬಿನ ವೋಲ್ಟೇಜ್ (ಕೆ.ವಿ.), ಪ್ರಮಾಣವನ್ನು ಅದರ ಕರೆಂಟ್ (ಎಂ.ಎ.) ನಿರ್ಧರಿಸುತ್ತವೆ. ಡೋಸ್ ತಗ್ಗಿಸಿದರೆ ಚಿತ್ರ ಕಾಳುಕಾಳಾಗುತ್ತದೆ, ಮಬ್ಬು ಬೆಳಕಿನಲ್ಲಿ ತೆಗೆದ ಮೊಬೈಲ್ ಫೋಟೊ ಹಾಗೆ. ಡೋಸ್ ಅರ್ಧಕ್ಕಿಳಿದರೆ ಈ ಕಾಳು ಶೇ. 40ರಷ್ಟು ಹೆಚ್ಚುತ್ತದೆ. ಅದು ಎಷ್ಟರಮಟ್ಟಿಗೆ ತೊಂದರೆ ಎಂಬುದು ನಾವು ಹುಡುಕುತ್ತಿರುವ ವಸ್ತುವನ್ನು ಅವಲಂಬಿಸಿದೆ. ಕಿಡ್ನಿ ಕಲ್ಲು ಕಾಳುಚಿತ್ರದಲ್ಲೂ ಬೆಳ್ಳಗೆ ಎದ್ದು ಕಾಣುತ್ತದೆ, ಆದ್ದರಿಂದ ಕಲ್ಲಿನ ಸ್ಕ್ಯಾನನ್ನು 3 ಮಿಲಿಸೀವರ್ಟ್‌ಗಿಂತ ಕೆಳಗೆ ಮುಗಿಸಬಹುದು. ಲಿವರ್‌ನೊಳಗಿನ ಪುಟ್ಟ ಗಡ್ಡೆ ಮಾತ್ರ ಕಾಳಿನಲ್ಲಿ ಮುಳುಗಿಹೋಗುತ್ತದೆ. ಅಲ್ಲಿ ಜಿಪುಣತನ ಮಾಡಿದರೆ ರೋಗವೇ ತಪ್ಪಿಹೋಗಬಹುದು, ಸ್ಕ್ಯಾನ್ ಮತ್ತೆ ಮಾಡಬೇಕಾಗಬಹುದು. ರಕ್ತನಾಳ, ಅಂಗಗಳು ಎದ್ದು ಕಾಣಲೆಂದು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಇನ್ನೊಂದು ಅನುಕೂಲವಿದೆ. ಅದರಲ್ಲಿನ ಅಯೋಡಿನ್ ಕಡಿಮೆ ಕೆ.ವಿ.ಯಲ್ಲಿ ಹೆಚ್ಚು ಹೊಳೆಯುತ್ತದೆ. ತೆಳ್ಳಗಿನವರಿಗೆ 120ರ ಬದಲು 100 ಕೆ.ವಿ. ಇಟ್ಟರೆ, ಉಳಿದದ್ದೆಲ್ಲ ಹಾಗೇ ಇದ್ದಾಗ, ಡೋಸ್ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ.

ಯಾರ ಗಮನಕ್ಕೂ ಬಾರದ ಒಂದು ತಪ್ಪನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ರೋಗಿಯನ್ನು ಟೇಬಲ್ ಮೇಲೆ ಮಲಗಿಸಿದಾಗ ಕೆಂಪು ಲೇಸರ್ ಗೆರೆಗಳು ಮೈಮೇಲೆ ಬೀಳುತ್ತವೆ. ಪಕ್ಕದಿಂದ ಬೀಳುವ ಗೆರೆ ಎದೆಯ ದಪ್ಪದ ನಟ್ಟನಡುವೆ ಬರಬೇಕು. ತರಾತುರಿಯಲ್ಲಿ ಟೇಬಲ್ ಒಂದಿಷ್ಟು ತಗ್ಗಿನಲ್ಲೇ ಉಳಿದುಬಿಡುತ್ತದೆ. ಟ್ಯೂಬಿನ ಮುಂದೆ ಬೋ-ಟೈ ಎಂಬ ಫಿಲ್ಟರ್ ಇರುತ್ತದೆ. ಅದರ ನಡುಭಾಗ ತೆಳು, ಅಂಚು ದಪ್ಪ. ದೇಹದ ದಪ್ಪ ಭಾಗಕ್ಕೆ ಪೂರ್ತಿ ಕಿರಣ, ತೆಳುವಾದ ಪಕ್ಕಗಳಿಗೆ ಸೋಸಿದ ಕಿರಣ ಸಿಗಲಿ ಎಂಬುದು ಅದರ ಉದ್ದೇಶ. ದೇಹ ನಡುವಿನಿಂದ ಸರಿದರೆ ಈ ಹೊಂದಾಣಿಕೆ ಕೆಡುತ್ತದೆ. ಫ್ಯಾಂಟಮ್‌ಗಳಲ್ಲಿ (ದೇಹದ ಬದಲು ಅಳತೆಗೆ ಇಡುವ ಪ್ಲಾಸ್ಟಿಕ್ ಮಾದರಿ) ಅಳೆದು ನೋಡಿದಾಗ 6 ಸೆಂ.ಮೀ. ಸರಿದರೆ ಹೊರಮೈಯ ಡೋಸ್ ಸುಮಾರು ಶೇ. 40 ಏರಿದ್ದು ಕಂಡಿದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಸ್ಕ್ಯಾನಿಗೆ ಮೊದಲು ತೆಗೆಯುವ ಸ್ಕೌಟ್ ಚಿತ್ರ ನೋಡಿಯೇ ಯಂತ್ರ ರೋಗಿಯ ಗಾತ್ರ ಅಂದಾಜಿಸಿ ಎಂ.ಎ. ಏರಿಳಿಸುತ್ತದೆ. ಟ್ಯೂಬ್ ಕೆಳಗಿಟ್ಟು ಸ್ಕೌಟ್ ತೆಗೆಯುವಾಗ ಟೇಬಲ್ ತಗ್ಗಿನಲ್ಲಿದ್ದರೆ ರೋಗಿ ಟ್ಯೂಬಿಗೆ ಹತ್ತಿರವಾಗುತ್ತಾನೆ, ನೆರಳು ದೊಡ್ಡದಾಗುತ್ತದೆ. ಯಂತ್ರ ಇವನು ದಪ್ಪ ಮನುಷ್ಯ ಎಂದುಕೊಂಡು ಎಂ.ಎ. ಏರಿಸಿಬಿಡುತ್ತದೆ. ಪರಿಹಾರ ಸುಲಭ: ಪಕ್ಕದಿಂದಲೂ ಒಂದು ಸ್ಕೌಟ್ ತೆಗೆದು ನೋಡಿ, ಟೇಬಲ್ ಎತ್ತರ ಸರಿಮಾಡಿ, ಎತ್ತರ ಬದಲಿಸಿದ ಮೇಲೆ ಸ್ಕೌಟನ್ನು ಮತ್ತೆ ತೆಗೆಯುವುದು. ಸ್ಕೌಟಿನ ಡೋಸ್ ಮುಖ್ಯ ಸ್ಕ್ಯಾನಿನ ಮುಂದೆ ತೀರಾ ಚಿಕ್ಕದು. ಎದೆ, ಹೊಟ್ಟೆಯ ಸ್ಕ್ಯಾನಿಗೆ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಬೇಕು. ಪಕ್ಕದಲ್ಲಿ ಇಟ್ಟುಕೊಂಡರೆ ಕೈಯ ಮೂಳೆಗಳನ್ನೂ ತೂರಿ ಹೋಗಲು ಯಂತ್ರ ಇನ್ನಷ್ಟು ಕಿರಣ ಸುರಿಯುತ್ತದೆ.

ಸ್ಕ್ಯಾನಿನ ಉದ್ದವೂ ಹೀಗೇ ಬೆಳೆಯುತ್ತದೆ. ಕಲ್ಲಿಗೆಂದು ಬರೆದ ಸ್ಕ್ಯಾನ್ ಕಿಡ್ನಿಯ ಮೇಲ್ತುದಿಯಿಂದ ಮೂತ್ರಕೋಶದ ತಳದವರೆಗೆ ಸಾಕು. ಇರಲಿ ಎಂದು ಎದೆಯ ಮಧ್ಯದಿಂದ ಶುರು ಮಾಡಿದರೆ ಹರೆಯದ ಹೆಣ್ಣುಮಗಳ ಸ್ತನಕ್ಕೆ ಸುಮ್ಮನೆ ವಿಕಿರಣ.

ಡೋಸ್ ನಿಜವಾಗಿ ಗುಣಿಸುತ್ತಾ ಹೋಗುವುದು ಒಂದೇ ಭಾಗವನ್ನು ಮತ್ತೆ ಮತ್ತೆ ತೆಗೆಯುವ ಹಂತಗಳಲ್ಲಿ, ಅಂದರೆ ಫೇಸ್‌ಗಳಲ್ಲಿ. ಹೊಟ್ಟೆಯನ್ನು ಇಂಜೆಕ್ಷನ್ನಿಗೆ ಮೊದಲು ಒಮ್ಮೆ, ಔಷಧ ಅಪಧಮನಿಯಲ್ಲಿದ್ದಾಗ ಒಮ್ಮೆ, ಅಭಿಧಮನಿಗೆ ಬಂದಾಗ ಒಮ್ಮೆ, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಡೋಸ್ ಸುಮಾರು ನಾಲ್ಕು ಪಟ್ಟು. ಲಿವರ್ ಗಡ್ಡೆ ಯಾವ ಜಾತಿಯದು ಎಂದು ತಿಳಿಯಲು ಇಷ್ಟೂ ಬೇಕಾಗಬಹುದು. ಸಾಮಾನ್ಯ ಹೊಟ್ಟೆನೋವಿಗೆ ಅಭಿಧಮನಿ ಹಂತದ ಒಂದೇ ಸ್ಕ್ಯಾನ್ ಬಹುತೇಕ ಸಾಕು. ವೈದ್ಯರು ಚೀಟಿಯಲ್ಲಿ ಬರಿಯ ‘ಸಿ.ಟಿ. ಅಬ್ಡೊಮೆನ್’ ಎಂದು ಗೀಚಿ ಕಳಿಸಿದರೆ, ಯಾವುದೂ ತಪ್ಪಿಹೋಗದಿರಲಿ ಎಂದು ಎಲ್ಲ ಹಂತವನ್ನೂ ಮಾಡಿಬಿಡುತ್ತಾರೆ. ಏನನ್ನು ಹುಡುಕುತ್ತಿದ್ದೇವೆ ಎಂದು ಒಂದು ಸಾಲು ಬರೆದರೆ ರೋಗಿಗೆ ಎರಡು ಮೂರು ಸ್ಕ್ಯಾನಿನ ವಿಕಿರಣ ತಪ್ಪುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ ಬೇಕು. ಅವರ ಜೀವಕೋಶಗಳು ವೇಗವಾಗಿ ವಿಭಜಿಸುತ್ತಿರುತ್ತವೆ, ಮುಂದೆ ಬದುಕುವ ವರ್ಷಗಳೂ ಹೆಚ್ಚು. ಯುರೋಪಿನ ಒಂಬತ್ತು ದೇಶಗಳ ಸುಮಾರು 10 ಲಕ್ಷ ಮಕ್ಕಳು ಮತ್ತು ಯುವಜನರನ್ನು ಹಿಂಬಾಲಿಸಿದ ಎಪಿ-ಸಿ.ಟಿ. ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸ್ಕ್ಯಾನ್ ಆದ ಪ್ರತಿ 10,000 ಮಕ್ಕಳಲ್ಲಿ, ನಂತರದ 12 ವರ್ಷಗಳೊಳಗೆ, ಒಬ್ಬಿಬ್ಬರಿಗೆ ವಿಕಿರಣದಿಂದಾಗಿ ರಕ್ತದ ಕ್ಯಾನ್ಸರ್ ಬರಬಹುದು ಎಂಬುದು ಅದರ ಅಂದಾಜು. ಮಿದುಳಿನಲ್ಲಿ ರಕ್ತ ಸೋರುತ್ತಿರುವ ಮಗುವಿಗೆ ಈ ಅಪಾಯ ಲೆಕ್ಕಕ್ಕೇ ಬಾರದು, ಆ ಸ್ಕ್ಯಾನನ್ನು ಹೆದರಿ ಮುಂದೂಡಲೇಬಾರದು. ಮಂಚದಿಂದ ಬಿದ್ದು ಅತ್ತು ಸುಮ್ಮನಾಗಿ ಆಡುತ್ತಿರುವ ಮಗುವಿನ ಮಾತು ಬೇರೆ.

ಈ ಎರಡನ್ನು ಬೇರ್ಪಡಿಸಲು ವೈದ್ಯರ ಬಳಿ ಒರೆಗಲ್ಲಿದೆ. ಅಮೆರಿಕದಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ರೂಪಿಸಿದ ಪೆಕಾರ್ನ್ ನಿಯಮ ಅದು. ತಲೆಗೆ ಪೆಟ್ಟು ಬಿದ್ದ, ಎರಡು ವರ್ಷ ದಾಟಿದ ಮಗುವಿಗೆ ಪ್ರಜ್ಞೆಯಲ್ಲಿ ವ್ಯತ್ಯಾಸವಿದ್ದರೆ, ಅಥವಾ ತಲೆಬುರುಡೆಯ ತಳ ಮುರಿದ ಗುರುತಿದ್ದರೆ, ಸಿ.ಟಿ. ಬೇಕು. ವಾಂತಿ, ಎಚ್ಚರ ತಪ್ಪಿದ್ದು, ಜೋರಾದ ತಲೆನೋವು, ಐದು ಅಡಿಗಿಂತ ಎತ್ತರದಿಂದ ಬಿದ್ದದ್ದು, ಇವುಗಳಲ್ಲಿ ಒಂದಿದ್ದರೆ ಆಸ್ಪತ್ರೆಯಲ್ಲೇ ಕೆಲವು ಗಂಟೆ ಕಾದು ನೋಡಿ ನಿರ್ಧರಿಸಬಹುದು. ಇವು ಯಾವುವೂ ಇಲ್ಲದಿದ್ದರೆ ಗಂಭೀರ ಮಿದುಳು ಗಾಯದ ಸಾಧ್ಯತೆ ಶೇ. 0.05ಕ್ಕಿಂತ ಕಡಿಮೆ. ಮಕ್ಕಳ ಅಪೆಂಡಿಕ್ಸ್ ನೋವಿಗೂ ಮೊದಲು ಅಲ್ಟ್ರಾಸೌಂಡ್ ಮಾಡಿ ನೋಡುವುದು ಲೇಸು, ಅದರಲ್ಲಿ ವಿಕಿರಣವೇ ಇಲ್ಲ.

ಸೀಸದ ಹೊದಿಕೆ ಹಾಕಿಸಿಕೊಂಡರೆ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಸ್ಕ್ಯಾನ್ ಆಗುವ ಭಾಗದ ಹೊರಗಿನ ಅಂಗಗಳಿಗೆ ತಲಪುವ ಕಿರಣ ಬಹುಪಾಲು ದೇಹದ ಒಳಗಿಂದಲೇ ಚದುರಿ ಬರುತ್ತದೆ, ಅದನ್ನು ಮೇಲಿನ ಸೀಸ ತಡೆಯಲಾರದು. ಸೀಸ ಕಿರಣದ ದಾರಿಗೇ ಅಡ್ಡ ಬಂದರೆ ಯಂತ್ರ ಎಂ.ಎ. ಏರಿಸುತ್ತದೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ ರೋಗಿಗಳ ಜನನಾಂಗ ಮತ್ತು ಗರ್ಭದ ಮೇಲೆ ಇಂಥ ಹೊದಿಕೆ ಹಾಕುವ ರೂಢಿಯನ್ನು ಕೈಬಿಡಿ ಎಂದಿತು. ಮಗುವನ್ನು ಹಿಡಿದು ಒಳಗೆ ನಿಲ್ಲುವ ತಾಯಿಗೆ ಮಾತ್ರ ಏಪ್ರನ್ ಬೇಕೇ ಬೇಕು.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ಆ ಸಂಖ್ಯೆ. ಪ್ರತಿ ಸ್ಕ್ಯಾನ್ ಮುಗಿದಾಗ ಯಂತ್ರ ತಾನೇ ಒಂದು ಡೋಸ್ ಪುಟ ಬರೆದಿಡುತ್ತದೆ. ಅದರಲ್ಲಿ ಡಿ.ಎಲ್.ಪಿ. (ಡೋಸನ್ನು ಸ್ಕ್ಯಾನಿನ ಉದ್ದದಿಂದ ಗುಣಿಸಿದ್ದು) ಎಂಬ ಅಂಕಿ ಇರುತ್ತದೆ. ವಯಸ್ಕರ ಹೊಟ್ಟೆಯದಾದರೆ ಅದನ್ನು 0.015ರಿಂದ, ಎದೆಯದಾದರೆ 0.014ರಿಂದ, ತಲೆಯದಾದರೆ 0.0021ರಿಂದ ಗುಣಿಸಿದರೆ ಸರಿಸುಮಾರು ಮಿಲಿಸೀವರ್ಟ್ ಸಿಗುತ್ತದೆ. ಹೊಟ್ಟೆಯ ಒಂದು ಹಂತಕ್ಕೆ ಡಿ.ಎಲ್.ಪಿ. 500 ಇದ್ದರೆ 7.5, ನಾಲ್ಕು ಹಂತ ಸೇರಿ 2000 ಆದರೆ 30. ಪುಟದಲ್ಲಿ 16 ಅಥವಾ 32 ಸೆಂ.ಮೀ. ಫ್ಯಾಂಟಮ್ ಎಂದೂ ಇರುತ್ತದೆ, ಅಂದರೆ ಅಷ್ಟು ಅಗಲದ ದೇಹ ಎಂದುಕೊಂಡು ಹಾಕಿದ ಲೆಕ್ಕ. ಪುಟ್ಟ ಮಗುವಿನ ಹೊಟ್ಟೆಯ ಸ್ಕ್ಯಾನಿಗೆ 32 ಎಂದಿದ್ದರೆ ನಿಜವಾದ ಡೋಸ್ ತೋರಿಸಿದ್ದರ ಎರಡು ಪಟ್ಟಿಗೂ ಹೆಚ್ಚಿರಬಹುದು.

ಈ ಪುಟ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2009ರಲ್ಲಿ ಬೆಳಕಿಗೆ ಬಂದ ಲಾಸ್ ಏಂಜಲೀಸ್‌ನ ಪ್ರಕರಣ ಸಾಕ್ಷಿ. ಪಾರ್ಶ್ವವಾಯು ಶಂಕೆಗೆ ಮಾಡುವ, ಮಿದುಳಿನ ರಕ್ತಸಂಚಾರ ನೋಡುವ ಪರ್ಫ್ಯೂಷನ್ ಸ್ಕ್ಯಾನಿನ ಸೆಟ್ಟಿಂಗ್ ತಪ್ಪಾಗಿತ್ತು. 18 ತಿಂಗಳಲ್ಲಿ 206 ರೋಗಿಗಳ ತಲೆಗೆ 0.5 ಗ್ರೇ (ಅಂಗ ಹೀರಿಕೊಳ್ಳುವ ವಿಕಿರಣದ ಅಳತೆ) ಬದಲು 3–4 ಗ್ರೇ ಹೋಯಿತು. ರೋಗಿಗಳ ಕೂದಲು ಪಟ್ಟಿಪಟ್ಟಿಯಾಗಿ ಉದುರಿದ ಮೇಲೆ ವಿಷಯ ಹೊರಬಿತ್ತು. ಆಮೇಲೆಯೇ ಡೋಸ್ ಮಿತಿ ಮೀರಿದರೆ ಸ್ಕ್ಯಾನಿಗೆ ಮೊದಲೇ ಎಚ್ಚರಿಸುವ ವ್ಯವಸ್ಥೆ ಹೊಸ ಯಂತ್ರಗಳಲ್ಲಿ ಬಂತು.

ರಿಪೋರ್ಟ್ ತರಲು ಹೋದಾಗ ಡೋಸ್ ಪುಟ ಸಹಿತ ಎಲ್ಲ ಚಿತ್ರಗಳನ್ನೂ ಡೈಕಾಮ್ ರೂಪದಲ್ಲಿ (ಯಂತ್ರದ ಮೂಲ ಚಿತ್ರ-ಫೈಲ್) ಸಿ.ಡಿ.ಗೋ ಪೆನ್‌ಡ್ರೈವಿಗೋ ಹಾಕಿಸಿಕೊಳ್ಳಿ. ಫಿಲ್ಮಿನಲ್ಲಿ ಆಯ್ದ ಕೆಲವು ಚಿತ್ರಗಳಷ್ಟೇ ಇರುತ್ತವೆ. ತಾಲ್ಲೂಕಿನಿಂದ ಬೆಂಗಳೂರಿಗೋ ಮಣಿಪಾಲಕ್ಕೋ ಕಳಿಸಿದಾಗ ಅಲ್ಲಿನ ವೈದ್ಯರಿಗೆ ಅಷ್ಟು ಸಾಲದೆ ಹೋಗಬಹುದು. ಹೊರಡುವ ಮುನ್ನ ಅಲ್ಲೇ ಒಂದು ಕಂಪ್ಯೂಟರಿಗೆ ಹಾಕಿಸಿ ಚಿತ್ರ ತೆರೆಯುತ್ತದೆಯೇ ನೋಡಿ. ಖಾಲಿ ಸಿ.ಡಿ. ಹಿಡಿದು ದೊಡ್ಡಾಸ್ಪತ್ರೆಗೆ ಹೋದವರಿಗೆ ಅದೇ ಸ್ಕ್ಯಾನ್ ಮೊದಲಿನಿಂದ ಆಗುತ್ತದೆ.