ಮಾತಾಡುವ ಸರದಿ ಜನರಿಗೆ ಯಾವಾಗ? ಕಲಬುರಗಿ–ಬೀದರ್ ಸೀಮೆಯಲ್ಲಿ ಜನಮಾಧ್ಯಮದ ಹಾದಿ

ಟಿ.ವಿ. ಬೆಂಗಳೂರಿಗಿಂತ ಮೊದಲು ಕಲಬುರಗಿ ಕಡೆಯ ಹಳ್ಳಿಗಳಿಗೆ ಬಂತು. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಉಪಗ್ರಹ ಟಿ.ವಿ. ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು ಆರಿಸಿದ್ದರು. ಯಾದಗಿರಿ ಆಗ ಕಲಬುರಗಿಯದೇ ಭಾಗ. ಉಪಗ್ರಹ ನಾಸಾದ್ದು, ಡಿಶ್ ಆಂಟೆನಾ ಮತ್ತಿತರ ಸಲಕರಣೆ ಇಸ್ರೊದ್ದು. ಸಂಜೆಯಾದರೆ ಊರವರು ಒಂದೇ ಸೆಟ್ಟಿನ ಮುಂದೆ ಕೂತು ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತು ಕೇಳುತ್ತಿದ್ದರು.

ಕನ್ನಡದ ಆ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ, ಪತ್ರಿಕೆಗಳ ಮೇಲೆ ಸೆನ್ಸಾರ್. ಸರ್ಕಾರ ಹೇಳುತ್ತಿತ್ತು, ಹಳ್ಳಿ ಕೇಳುತ್ತಿತ್ತು. ನಮ್ಮೂರ ಬಾವಿ ಬತ್ತಿದೆ, ಕೂಲಿ ಸಿಕ್ಕಿಲ್ಲ ಅಂತ ತಿರುಗಿ ಹೇಳಲು ಆ ಪೆಟ್ಟಿಗೆಯಲ್ಲಿ ದಾರಿ ಇರಲಿಲ್ಲ. ಅದೇ ಹೊತ್ತಿಗೆ ಗುಜರಾತಿನ ಖೇಡಾ ಜಿಲ್ಲೆಗೆ ಸ್ಥಳೀಯ ಪ್ರಸಾರ ಸಿಕ್ಕಿತ್ತು. ಹಳ್ಳಿಯವರೇ ಅದರ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡರು. ನಮಗೆ 1977ರ ಸೆಪ್ಟೆಂಬರಿನಲ್ಲಿ ಕಲಬುರಗಿ ದೂರದರ್ಶನ ಕೇಂದ್ರ ಬಂತು. ರಾಜ್ಯಕ್ಕೇ ಅದು ಮೊದಲನೆಯದು. ಹೆಮ್ಮೆಯ ವಿಷಯವೇ. ಆದರೆ ಏನು ಹೇಳಬೇಕು ಅನ್ನುವ ತೀರ್ಮಾನ ಸರ್ಕಾರದ ಕೈಯಲ್ಲೇ ಉಳಿಯಿತು.

ಈ ಸೀಮೆಗೆ ಇದು ಹೊಸದಲ್ಲ. ಇದು ಹೈದರಾಬಾದ್ ಸಂಸ್ಥಾನದಲ್ಲಿದ್ದ ನಿಜಾಮರ ಕಾಲದಲ್ಲಿ ಸಭೆ ಸೇರಲೂ ಅಪ್ಪಣೆ ಬೇಕಿತ್ತು. ಆಡಳಿತದ ಭಾಷೆ ಉರ್ದು, ಹೊಲದಲ್ಲಿ ದುಡಿಯುವವರ ಮಾತು ಕನ್ನಡ. ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ವಿರುದ್ಧ ಬರೆದದ್ದಕ್ಕೆ ಹೈದರಾಬಾದಿನ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಕೊಂದರು. ಮರು ತಿಂಗಳೇ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿಯಿತು.

ಹಾಗಂತ ಜನ ಬಾಯಿ ಮುಚ್ಚಿಕೊಂಡಿರಲಿಲ್ಲ. ಮೊಹರಂ ಬಂದರೆ ಅಲಾವಿ (ಬೆಂಕಿಯ ಕುಣಿ) ಸುತ್ತ ರಿವಾಯತ್ ಎಂಬ ಮೊಹರಂ ಪದ ಕಟ್ಟಿ ಹಾಡುತ್ತಿದ್ದರು, ಈಗಲೂ ಹಾಡುತ್ತಾರೆ. ಕರ್ಬಲಾದ ಕಥೆಯ ಜೊತೆಗೆ ಬರಗಾಲ, ಊರಿನ ಕಷ್ಟವೂ ಹಾಡಿನಲ್ಲಿ ಬರುತ್ತದೆ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಜವಾಬು ಕೊಡಬೇಕು. ಹಾಡುವವನು ಎದುರಿಗೇ ಇರುತ್ತಾನೆ. ಸುಳ್ಳು ಹೇಳಿದರೆ ಅಲ್ಲೇ ಹಿಡಿಯಬಹುದು. ಜನರೇ ಮಾತಾಡುವ ಜನಮಾಧ್ಯಮಕ್ಕೆ ಇದಕ್ಕಿಂತ ಒಳ್ಳೆ ನೆಲ ಬೇಕಾ?

ಕಾನೂನಿನ ಬಾಗಿಲು ತೆರೆದದ್ದು 1995ರ ಫೆಬ್ರುವರಿಯಲ್ಲಿ. ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ನಂಬಿ ಮುಂದೆ ಬಂದವರು ಬೀದರ್‌ನ ಪಕ್ಕದಲ್ಲೇ ಇದ್ದರು. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆಯ ದಲಿತ ಮಹಿಳೆಯರು ಯುನೆಸ್ಕೊ ನೆರವಿನಿಂದ 1990ರ ದಶಕದ ಕೊನೆಗೇ ರೇಡಿಯೊ ಸಜ್ಜು ಮಾಡಿಕೊಂಡಿದ್ದರು. ಲೈಸೆನ್ಸ್ ಸಿಗಲಿಲ್ಲ. ವರ್ಷಗಟ್ಟಲೆ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ ಸಂಘದ ಸಭೆಗಳಲ್ಲಿ ಕೇಳಿಸಿದರು: ಬೀಜ, ಸಿರಿಧಾನ್ಯ, ಹಾಡು, ಮನೆಮದ್ದು. 2006ರ ನವೆಂಬರ್‌ನಲ್ಲಿ ಸಮುದಾಯ ಬಾನುಲಿ (ಊರವರಿಗಾಗಿ ನಡೆಸುವ ಸ್ಥಳೀಯ ರೇಡಿಯೊ) ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು. 2008ರ ಅಕ್ಟೋಬರ್‌ನಲ್ಲಿ 'ಸಂಘಂ ರೇಡಿಯೊ' ಗಾಳಿಗೆ ಬಂತು. ಕಲಬುರಗಿಯಲ್ಲೂ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ 'ಅಂತರ್ವಾಣಿ' ನಡೆಯುತ್ತಿದೆ.

ಆದರೆ ಆ ನೀತಿಯಲ್ಲೊಂದು ಬೀಗವಿದೆ. ಹವಾಮಾನ, ಪರೀಕ್ಷೆ, ನೀರು–ಕರೆಂಟಿನ ಮಾಹಿತಿ ಹೇಳಬಹುದು. ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮಾತ್ರ ಪ್ರಸಾರ ಮಾಡಬಹುದು. ಗ್ರಾಮಸಭೆಯಲ್ಲಿ ಏನು ಜಗಳವಾಯಿತು, ಉದ್ಯೋಗ ಖಾತ್ರಿ ಹಣ ಎಲ್ಲಿ ನಿಂತಿತು ಅನ್ನುವುದೆಲ್ಲ ಸುದ್ದಿಯೇ ಅಲ್ವಾ? ನನ್ನ ಪ್ರಕಾರ ಈ ನಿರ್ಬಂಧ ತಪ್ಪು.

ಬೀಗ ಹಾಕಿದರೆ ಸುದ್ದಿ ನಿಲ್ಲುವುದಿಲ್ಲ. ಅದು ಮೊಬೈಲ್‌ಗೆ ಹೋಯಿತು. ಯೂಟ್ಯೂಬ್ ಚಾನೆಲ್‌ಗಳು ಬಂದವು. ಕೆಟ್ಟ ರಸ್ತೆ, ಮುಚ್ಚಿದ ಆರೋಗ್ಯ ಕೇಂದ್ರವನ್ನು ಜನರೇ ವಿಡಿಯೊ ಮಾಡಿ ಹಾಕಿದರು. ಅದರಿಂದ ಒಳ್ಳೆಯದು ಜಾಸ್ತಿಯೇ ಆಗಿದೆ. ಆದರೆ 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದನ್ನು ಮರೆಯಲಾಗದು. ಹೈದರಾಬಾದಿನಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ವಾಟ್ಸ್ಆ್ಯಪ್ ಸಂದೇಶ ಅವರ ಕಾರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿ ಮುಟ್ಟಿತು. ಜನ ದಾರಿ ಕಟ್ಟಿದರು. ಒಬ್ಬ ಯುವಕ ಏಟು ತಿಂದು ಸತ್ತ. ದೇಶದ ಹಲವು ಕಡೆ ಇಂಥ ಸಾವುಗಳಾದ ಮೇಲೆ, ಬಂದ ಸಂದೇಶವನ್ನು ಒಮ್ಮೆಗೆ ಐದೇ ಚಾಟ್‌ಗಳಿಗೆ ಮುಂದಕ್ಕೆ ಕಳಿಸುವ ಮಿತಿಯನ್ನು ವಾಟ್ಸ್ಆ್ಯಪ್ ಅದೇ ತಿಂಗಳು ಭಾರತಕ್ಕೆ ಪ್ರಕಟಿಸಿತು.

ಊರಿನದೇ ರೇಡಿಯೊ ಇದ್ದಿದ್ದರೆ ಆ ಜೀವ ಉಳಿಯುತ್ತಿತ್ತು ಎಂದು ಹೇಳಲಾಗದು. ಆದರೆ ಆ ವದಂತಿ ದೇಶದಲ್ಲಿ ವಾರಗಟ್ಟಲೆ ಸುತ್ತಿತ್ತು. ಠಾಣೆಗೆ ಫೋನ್ ಮಾಡಿ ವಿಚಾರಿಸಿ, 'ಇಲ್ಲಿ ಯಾವ ಮಗುವೂ ಕಳುವಾಗಿಲ್ಲ' ಎಂದು ಪರಿಚಿತ ದನಿಯಲ್ಲಿ ದಿನಾ ಸಂಜೆ ಹೇಳುವವರು ಆಗ ಬೇಕಿತ್ತು. ಅದನ್ನು ಕನ್ನಡದಲ್ಲಷ್ಟೇ ಅಲ್ಲ, ದಖ್ಖನಿ ಉರ್ದುವಿನಲ್ಲಿ, ಮರಾಠಿಯಲ್ಲಿ, ತಾಂಡಾಗಳಿಗಾಗಿ ಲಂಬಾಣಿಯಲ್ಲಿ ಹೇಳಬೇಕು. ಅಂಥ ಕೆಲಸಕ್ಕೆ ಸಮುದಾಯ ಬಾನುಲಿಗೆ ಸ್ಥಳೀಯ ಸುದ್ದಿಯ ಅನುಮತಿ ಬೇಕು, ಮತ್ತು ತಪ್ಪಿದರೆ ತಿದ್ದಿಕೊಳ್ಳುವ ಹೊಣೆಯನ್ನು ಆ ಕೇಂದ್ರ ತನ್ನ ಕೇಳುಗರ ಮುಂದೆಯೇ ಹೊರಬೇಕು.