ಹೊಸ ಚಾಕುವಿಗೆ ಕಪ್ಪು ಕಲೆ ಬಿತ್ತು, ವಾಪಸ್ ಕೊಡಬೇಕಾ?

ಪ್ರಶ್ನೆ: ಶಿರಸಿ ಜಾತ್ರೆಯಲ್ಲಿ ಒಂದು ಕಾರ್ಬನ್ ಸ್ಟೀಲ್ ಚಾಕು ಕೊಂಡೆವು. ಮನೆ ಕಾರವಾರದಲ್ಲಿ. ಮಾವಿನಕಾಯಿ ಹೆಚ್ಚಿದ ದಿನವೇ ಅಲಗಿನ ಮೇಲೆ ನೀಲಿ-ಕಪ್ಪು ಕಲೆ ಬಿತ್ತು. ಮರುದಿನ ನೋಡಿದರೆ ಹಿಡಿಕೆಯ ಬುಡದಲ್ಲಿ ಕೆಂಪು ಚುಕ್ಕೆ. ಎಷ್ಟು ತಿಕ್ಕಿದರೂ ಕಪ್ಪು ಹೋಗುತ್ತಿಲ್ಲ. ಕಳಪೆ ಮಾಲು ಕೊಟ್ಟುಬಿಟ್ಟರಾ?

ಉತ್ತರ: ಇಲ್ಲ, ಚಾಕು ಸರಿಯಾಗಿಯೇ ಇದೆ. ಕಪ್ಪನ್ನು ಹಾಗೇ ಬಿಡಿ, ಕೆಂಪನ್ನು ಇವತ್ತೇ ತೆಗೆಯಿರಿ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಮೇಲ್ಮೈ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ಕಬ್ಬಿಣವನ್ನು ಕಾಯುತ್ತದೆ. ಕಾರ್ಬನ್ ಸ್ಟೀಲಿನಲ್ಲಿ ಆ ಕಾವಲು ಇಲ್ಲ. ಹುಳಿ, ಒಗರು, ಉಪ್ಪು ಯಾವುದು ತಾಗಿದರೂ ಬಣ್ಣ ತಿರುಗುತ್ತದೆ. ಆದರೆ ಸಾಣೆಗೆ ಬೇಗ ಒಗ್ಗುತ್ತದೆ, ಒಳ್ಳೆಯ ಹರಿತ ಬರುತ್ತದೆ. ಜನ ಇದನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ ಅಲ್ವಾ?

ಕಪ್ಪು ಎಲ್ಲಿಂದ ಬಂತು ಅಂತ ನೋಡಬೇಕಾದರೆ ಶಿರಸಿ ಕಡೆ ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಗಮನಿಸಿ. ಅಲಗೆಲ್ಲ ಕಪ್ಪು. ಬಾಯಿ ಮಾತ್ರ ಬೆಳ್ಳಿಗೆರೆಯ ಹಾಗೆ ತೆಳ್ಳಗೆ ಹೊಳೆಯುತ್ತಿರುತ್ತದೆ. ಸುಲಿಯುವವರ ಬೆರಳುಗಳೂ ಕಪ್ಪು, ಸೋಪು ಹಾಕಿದರೂ ಬಿಡದ ಕಪ್ಪು. ಅಡಿಕೆಯ ಒಗರಿನಲ್ಲಿ ಟ್ಯಾನಿನ್ ಇದೆ. ಅದು ಕಬ್ಬಿಣದ ಜೊತೆ ಸೇರಿದರೆ ನೀಲಿ-ಕಪ್ಪು ಆಗುತ್ತದೆ. ಒಗರಿನ ಅಳಲೆಕಾಯಿ ಮತ್ತು ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ನಂಟಿನಿಂದ. ನಿಮ್ಮ ಮಾವಿನಕಾಯಿಯಲ್ಲಿ ಹುಳಿಯೂ ಇತ್ತು, ಒಗರೂ ಇತ್ತು. ಬಾಳೆಕಾಯಿ, ಬಾಳೆಹೂವು ಹೆಚ್ಚಿ ನೋಡಿ, ಇನ್ನೂ ಬೇಗ ಕಪ್ಪಾಗುತ್ತದೆ. ಬಂಗಡೆ ಕೊಯ್ದರೆ ರಕ್ತ ತಾಗಿದ ಕಡೆ ನೀಲಿ ಛಾಯೆ ಬರುತ್ತದೆ. ನನಗಂತೂ ಆ ಬಣ್ಣ ಇಷ್ಟ.

ಈ ಕಪ್ಪು ಪದರ ಅಲಗಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ಆದರೆ ನಿಧಾನ ಮಾಡುತ್ತದೆ. ಅದನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದರೆ ಬರಿ ಕಬ್ಬಿಣ ಮತ್ತೆ ಗಾಳಿಗೆ ಬಿದ್ದಂತೆ. ಬೇಗ ಕಪ್ಪಾಗಲಿ ಅಂತ ಚಾಕುವನ್ನು ವಿನೆಗರಿನಲ್ಲಿ ಅದ್ದಿಡುವವರೂ ಇದ್ದಾರೆ. ಅದೆಲ್ಲ ಯಾಕೆ? ದಿನಾ ಅಡುಗೆ ಮಾಡಿ, ತಾನಾಗಿಯೇ ಬರುತ್ತದೆ. ಮೊದಮೊದಲು ಹೆಚ್ಚಿದ ಈರುಳ್ಳಿ, ಬಾಳೆದಿಂಡಿಗೂ ಸ್ವಲ್ಪ ಕಪ್ಪು ಹತ್ತಬಹುದು, ಕಬ್ಬಿಣದ ವಾಸನೆಯೂ ಬರಬಹುದು. ಹೊಟ್ಟೆಗೆ ತೊಂದರೆ ಇಲ್ಲ. ಪದರ ಕೂತ ಮೇಲೆ ಅದೂ ಕಡಿಮೆ ಆಗುತ್ತದೆ.

ಕೆಂಪಿನ ಗುಣ ಬೇರೆ. ತುಕ್ಕು ಸಡಿಲ, ಪುಡಿಪುಡಿ. ಒಳಗೆ ನೀರು ಹಿಡಿದಿಟ್ಟುಕೊಂಡು ಕೆಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಬಿಟ್ಟರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಗುಳಿ ಬಾಯಿಯವರೆಗೆ ಬಂದರೆ ಹರಿತ ನಿಲ್ಲುವುದಿಲ್ಲ. ಯಾವ ಕಲೆ ಯಾವುದು ಅಂತ ಗೊತ್ತಾಗದಿದ್ದರೆ ಬಿಳಿ ಬಟ್ಟೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿ. ಇಟ್ಟಿಗೆ ಬಣ್ಣ ಬಂದರೆ ತುಕ್ಕು. ಹೊಸ ಕಪ್ಪಾದರೆ ಹೆಚ್ಚೆಂದರೆ ಬೂದುಬಣ್ಣ ಹತ್ತೀತು.

ತೆಗೆಯುವುದು ಸುಲಭ. ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ ಗಟ್ಟಿಯಾಗಿ ಕಲಸಿ. ಒಲೆ ಇರುವ ಮನೆಯಾದರೆ ಜರಡಿ ಹಿಡಿದ ಬೂದಿಯೂ ಆಗುತ್ತದೆ. ತೆಂಗಿನ ನಾರಿನಲ್ಲಿ ತೆಗೆದುಕೊಂಡು ಹಿಡಿಕೆಯಿಂದ ತುದಿಯ ಕಡೆಗೆ, ಅಲಗಿನ ಉದ್ದಕ್ಕೆ ತಿಕ್ಕಿ. ಚಾಕುವನ್ನು ಮಣೆಯ ಮೇಲೆ ಮಲಗಿಸಿಟ್ಟು ತಿಕ್ಕಿ, ಬೆರಳು ಬಾಯಿಯಿಂದ ದೂರ ಇರಲಿ. ಬಗ್ಗದಿದ್ದರೆ 1000 ನಂಬರಿನ ನೀರು ಕಾಗದ (ನೀರು ಹಾಕಿ ತಿಕ್ಕುವ ಮರಳು ಕಾಗದ) ಸಾಕು. ಹುಣಸೆಹಣ್ಣು ಕೂಡ ತುಕ್ಕು ಬಿಡಿಸುತ್ತದೆ, ಆದರೆ ಹುಳಿ ಉಳಿದರೆ ಮತ್ತೆ ಕೆಲಸ ಶುರು. ಹಚ್ಚಿದರೆ ಕೂಡಲೇ ಚೆನ್ನಾಗಿ ತೊಳೆಯಿರಿ.

ಇನ್ನು ನಮ್ಮ ಕರಾವಳಿಯ ತಾಪತ್ರಯ. ಗಾಳಿಯ ತೇವ ಶೇ. 60 ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಕಾರವಾರದ ಮಳೆಗಾಲದಲ್ಲಿ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಮೇಲಿಂದ ಕಡಲಿನ ಉಪ್ಪು. ಉಪ್ಪಿನ ಕಣ ನೀರನ್ನು ಎಳೆದುಕೊಂಡು ಅಲಗಿನ ಮೇಲೇ ಕೂತಿರುತ್ತದೆ. ಹಾಗಾಗಿ ಮೀನಿಗೆ ಉಪ್ಪು ಸವರಿದ ಕೈಯಲ್ಲೇ ಚಾಕು ಹಿಡಿದು, ಹಾಗೇ ಸಿಂಕಿನಲ್ಲಿ ಬಿಟ್ಟು ಊಟಕ್ಕೆ ಕೂತರೆ ಏಳುವಷ್ಟರಲ್ಲಿ ಕೆಂಪಾಗಿರುತ್ತದೆ. ಹೆಚ್ಚಿದ ಕೂಡಲೇ ತೊಳೆಯಿರಿ, ಒಣ ಬಟ್ಟೆಯಲ್ಲಿ ಒರೆಸಿ. ನೀವು ಹೇಳಿದ ಹಿಡಿಕೆಯ ಬುಡವೇ ನೀರು ನಿಲ್ಲುವ ಜಾಗ. ಬಟ್ಟೆಯ ಮೂಲೆಯನ್ನು ಆ ಸಂದಿಗೆ ತುರುಕಿ ಒರೆಸಬೇಕು. ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಸೂರ್ಯಕಾಂತಿ ಎಣ್ಣೆ ಬೇಡ, ಕೆಲ ದಿನಕ್ಕೆ ಅಂಟಂಟಾಗುತ್ತದೆ. ಚರ್ಮದ ಒರೆಯಲ್ಲಿಯೂ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ.

ತುಕ್ಕು ಚಾಕು ತಾಗಿದರೆ ಧನುರ್ವಾಯು ಬರುತ್ತದೆ ಅಂತ ಹೆದರುವವರಿದ್ದಾರೆ. ಆ ರೋಗಾಣು ಇರುವುದು ಮುಖ್ಯವಾಗಿ ಮಣ್ಣಿನಲ್ಲಿ, ಸಗಣಿಯಲ್ಲಿ. ತುಕ್ಕಿನಿಂದ ಅದು ಹುಟ್ಟುವುದಿಲ್ಲ. ಆಳವಾದ ಗಾಯವಾದರೆ ಚಾಕು ಹೊಳೆಯುತ್ತಿದ್ದರೂ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಬೇಕಾ ಕೇಳಿ.

ವಾಪಸ್ ಕೊಡಬೇಕಾದ ಚಾಕುವಿನ ಲಕ್ಷಣ ಬೇರೆ. ಬಾಯಿಯಿಂದ ಮೇಲಕ್ಕೆ ಹೋಗುವ ಕೂದಲಿನಂಥ ಗೆರೆ ಇದೆಯಾ ನೋಡಿ. ಅದರ ಮೇಲೆ ಉಗುರು ಎಳೆದಾಗ ಸಿಕ್ಕಿಕೊಂಡರೆ, ತಿಕ್ಕಿದರೂ ಗೆರೆ ಹೋಗದಿದ್ದರೆ, ಅದು ಹದ ಕೊಡುವಾಗ, ಅಂದರೆ ಅಲಗನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವಾಗ, ಬಿಟ್ಟ ಬಿರುಕು ಇರಬಹುದು. ಇನ್ನೊಂದು, ಬಳಸುವ ಮೊದಲೇ ಬಾಯಿಯ ಅಂಚಿನಲ್ಲಿ ನೀಲಿ ಬಣ್ಣ ಇದ್ದರೆ ಸಾಣೆ ಚಕ್ರದ ಬಿಸಿಗೆ ಹದ ಹೋಗಿರುವ ಸಾಧ್ಯತೆ ಇದೆ. ಉಕ್ಕು 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಾಗ ಆ ನೀಲಿ ಬರುತ್ತದೆ. ಅಂಥ ಕಡೆ ಹರಿತ ಬೇಗ ಮಡಚಿಕೊಳ್ಳುತ್ತದೆ. ಇವೆರಡರಲ್ಲಿ ಯಾವುದು ಕಂಡರೂ ಸಾಣೆ ಹಿಡಿಸುವ ಮೊದಲೇ ಅಂಗಡಿಯವರಿಗೆ ತೋರಿಸಿ. ಸಾಣೆ ಹಿಡಿದ ಚಾಕುವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.